ಕಿರುಗಿರಿಯ ಆರೋಹಣ

ಪರ್ವತಾರೋಹಣವೆಂದೊಡನೆ ಕುಮಾರಪರ್ವತವನ್ನೋ ಹಿಮಾಲಯದ ಕಣಿವೆಗಳನ್ನೋ ನೆನೆಯುವ ಮಿತ್ರರು, ಯಾದಗಿರಿಯಲ್ಲಿ ರೈಲು ನಿಂತಾಗ ಊರಿನ ನಡುವೆಯೇ ಎದ್ದು ನಿಂತ ಆ ಬೋಳು ಬಂಡೆಯ ಗುಡ್ಡವನ್ನು ಕಂಡೂ ಕಾಣದವರಂತೆ ಮುಂದೆ ಸಾಗುವರೆಂಬುದು ನನಗೆ ನಿಜವಾಗಿ ವ್ಯಥೆಯನ್ನುಂಟುಮಾಡುವ ಸಂಗತಿ. ಅದರ ಎತ್ತರ ಊರಿನ ನೆಲದಿಂದ ಸುಮಾರು 100 ಮೀಟರು ಮಾತ್ರ. ಆದರೆ ಬೆಟ್ಟವೊಂದರ ಯೋಗ್ಯತೆಯನ್ನು ಅದರ ಎತ್ತರದಿಂದಲ್ಲ, ಏರುವವನ ಹೆಜ್ಜೆಯನ್ನು ಅದು ಹೇಗೆ ತಿದ್ದುತ್ತದೆ ಮತ್ತು ತನ್ನ ಮೇಲೆ ಬಿದ್ದ ನೀರನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ ಎಂಬೆರಡರಿಂದಲೇ ಅಳೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಸೂರ್ಯೋದಯಕ್ಕೆ ಮುನ್ನವೇ ಹೊರಡಬೇಕು. ಊರಿನ ಓಣಿ ಮುಗಿದು ಕೋಟೆಯ ಬಾಗಿಲು ತೋರಿದ ಕೂಡಲೇ ದಾರಿ ಕಡಿದಾಗುತ್ತದೆ. ಆಮೇಲೆ ಅದು ನೇರವಾಗಿ ಮೇಲೇರದೆ, ಗುಂಡುಗಳ ಸಂದಿಯಲ್ಲಿ ನುಸುಳುತ್ತ, ಎದುರಿಗೊಂದು ಗೋಡೆಯನ್ನೊಡ್ಡಿ ಏರುವವನನ್ನು ತಡೆದು ಪಕ್ಕಕ್ಕೆ ತಿರುಗಿಸುತ್ತ ಸಾಗುತ್ತದೆ. ಕೋಟೆಯನ್ನು ಕಟ್ಟಿದವರು ಬೆಟ್ಟದ ಮೇಲೆ ತಮ್ಮ ಇಚ್ಛೆಯನ್ನು ಹೇರಲಿಲ್ಲ. ಬಂಡೆ ಎಲ್ಲಿ ಸೋತಿತೋ ಅಲ್ಲಿ ಮಾತ್ರ ಗೋಡೆಯನ್ನೆಬ್ಬಿಸಿ, ಗೋಡೆ ಅನಾವಶ್ಯಕವಾದಲ್ಲಿ ಬಂಡೆಗೇ ಕಾವಲನ್ನೊಪ್ಪಿಸಿ, ಪ್ರಕೃತಿಯ ಕೆಲಸ ಎಲ್ಲಿ ಮುಗಿದು ಮನುಷ್ಯನ ಕೆಲಸ ಎಲ್ಲಿ ಮೊದಲಾಯಿತೆಂಬುದು ತೋರದಂತೆ ಅವೆರಡನ್ನೂ ಬೆಸೆದರು. ಕಲ್ಯಾಣದ ಚಾಲುಕ್ಯರ ಕಾಲದಿಂದ ದೇವಗಿರಿಯ ಯಾದವರು, ಬಹಮನಿಗಳು, ಆದಿಲಶಾಹಿಗಳು, ನಿಜಾಮರವರೆಗೆ ಒಡೆತನ ಕೈಯಿಂದ ಕೈಗೆ ದಾಟಿದರೂ ಈ ಬೆಸುಗೆ ಸಡಿಲವಾಗಲಿಲ್ಲ.

ಇಲ್ಲಿಯ ಗ್ರಾನೈಟು ಬಂಡೆ ಏರುವಾಗ ಅತ್ಯಂತ ವಿಶ್ವಾಸಾರ್ಹ ಮಿತ್ರ. ಮಳೆಗಾಳಿಗಳಿಗೆ ಮೈಯೊಡ್ಡಿ ಒರಟಾದ ಅದರ ಹರಳುಗಳು ಅಂಗಾಲನ್ನು ಬಿಗಿಯಾಗಿ ಹಿಡಿಯುತ್ತವೆ. ಮೆಟ್ಟಿಲಿನ ನಡುವೆ ಮಾತ್ರ, ಶತಮಾನಗಳ ಪಾದಗಳು ಉಜ್ಜಿ ಉಜ್ಜಿ ತಗ್ಗು ಬಿದ್ದ ಜಾಗದಲ್ಲಿ, ಅದೇ ಕಲ್ಲು ಎಣ್ಣೆ ಹಚ್ಚಿದ ಒರಳಿನಂತೆ ನುಣುಪಾಗಿರುವುದರಿಂದ, ಏರುವಾಗ ನಡುವೆ ನಡೆದವನೂ ಇಳಿಯುವಾಗ ಅಂಚನ್ನೇ ಹಿಡಿಯಬೇಕು. ದಣಿವಾರಿಸಿಕೊಳ್ಳಲು ಕುಳಿತರೆ, ಬಂಡೆಯ ನೆತ್ತಿಯ ಮೇಲೆ ಗಂಡು ಓತಿಕೇತವೊಂದು, ಬೆನ್ನು ಕೆಂಪಾಗಿ ಪಕ್ಕೆ ಕಪ್ಪಾಗಿ, ಮುಂಗಾಲೂರಿ ಮೈಯನ್ನು ಮೇಲೆ ಕೆಳಗೆ ಆಡಿಸುತ್ತ ತನ್ನ ರಾಜ್ಯದ ಎಲ್ಲೆಯನ್ನು ಸಾರುವುದನ್ನು ನೋಡಬಹುದು.

ಮೇಲೆ ತಲಪಿದವರು ಸಾಮಾನ್ಯವಾಗಿ ತೋಪಿನ ಬಳಿಗೆ ಧಾವಿಸುತ್ತಾರೆ. ನಾನಾದರೋ ಮೊದಲು ನೀರಿನ ಬಳಿಗೆ ಹೋಗುತ್ತೇನೆ. ಈ ಕಠಿನಶಿಲೆ ತನ್ನೊಳಗೆ ನೀರನ್ನು ಇಂಗಿಸಿಕೊಳ್ಳದು. ಬಿದ್ದುದೆಲ್ಲ ಜಾರಿ ಹರಿದು, ಬಿರುಕುಗಳಲ್ಲಿಯೂ ದೊಣೆಗಳಲ್ಲಿಯೂ ನಿಲ್ಲುತ್ತದೆ. ಆ ಹರಿವಿನ ದಿಕ್ಕನ್ನರಿತು, ತಗ್ಗಿಗೆ ಅಡ್ಡಗಟ್ಟಿ, ಬಂಡೆಯನ್ನು ಕಡಿದು ಹೊಂಡವಾಗಿಸಿದವನ ಕೌಶಲವಿಲ್ಲದಿದ್ದರೆ ಇಲ್ಲಿ ತೋಪೂ ಇಲ್ಲ, ಕೋಟೆಯೂ ಇಲ್ಲ, ಭುವನೇಶ್ವರಿಯ ಗುಡಿಯೂ ಇಲ್ಲ. ಬಂಡೆಯಲ್ಲಿ ಕಡೆದ ಜೈನ ತೀರ್ಥಂಕರ ಮೂರ್ತಿಗಳನ್ನೂ ಮಸೀದಿಯನ್ನೂ ಒಂದೇ ಬೆಟ್ಟದ ಮೇಲೆ ಕಾಣುವಾಗ, ಬೇರೆ ಬೇರೆ ಮತದ ಈ ಜನರೆಲ್ಲರೂ ಕುಡಿದ ನೀರು ಒಂದೇ ಮಳೆಯದೆಂಬ ಭಾವ ತಾನಾಗಿಯೇ ಮೂಡುತ್ತದೆ. ಅಂಥ ನೀರಿಗೆ ಇಂದು ಪ್ಲಾಸ್ಟಿಕ್ ಬಾಟಲಿಯನ್ನೆಸೆಯುವವರನ್ನೂ, ಬಂಡೆಯ ಮೇಲೆ ಬಣ್ಣದಿಂದ ಹೆಸರು ಬರೆಯುವವರನ್ನೂ ನಾನು ಕ್ಷಮಿಸಲಾರೆ.

ಇದೇ ಸೀಮೆಯ ಶಹಾಪುರದ ಬೆಟ್ಟಸಾಲು ಬೇರೊಂದು ಶಿಸ್ತನ್ನು ಬೇಡುತ್ತದೆ. ದೂರದಿಂದ ನೋಡುವವನಿಗೆ ಅದು ಹಣೆ, ಮೂಗು, ಎದೆಗಳೆಲ್ಲ ಸ್ಪಷ್ಟವಾಗಿ ಮಲಗಿದ ಬುದ್ಧನಾಗಿ ತೋರುವುದು. ಹತ್ತಿರ ಹೋದಂತೆ ಆ ರೂಪ ಕರಗಿ ಬರಿಯ ಗುಂಡುಗಳೇ ಉಳಿಯುವವು. ಅದನ್ನು ದೂರದಲ್ಲೇ ನಿಂತು ನೋಡುವುದು ಲೇಸು.

ಸುರಪುರ ಬೆಟ್ಟಗಳ ಮಡಿಲಲ್ಲಿಯೇ ಇರುವ ಊರು. ಬಾಲಕ ದೊರೆ ವೆಂಕಟಪ್ಪ ನಾಯಕನ ಪರವಾಗಿ 1841ರಿಂದ 1853ರವರೆಗೆ ಸಂಸ್ಥಾನವನ್ನು ನೋಡಿಕೊಂಡ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್, ಬೆಟ್ಟದ ಮೇಲೆ ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಇಂದಿಗೂ ನಿಂತಿದೆ. ಅಲ್ಲಿಗೆ ಏರುವ ದಾರಿ ಕಿರಿದು. ಟೇಲರನನ್ನು ತಂದೆಯಂತೆ ನೆಚ್ಚಿದ್ದ ಆ ಹುಡುಗನೇ ಯೌವನದಲ್ಲಿ, 1858ರಲ್ಲಿ, ಇಂಗ್ಲಿಷರ ವಿರುದ್ಧ ಕತ್ತಿ ಹಿರಿದು ಸೆರೆಯಾಗಿ ಅದೇ ವರ್ಷ ಗುಂಡೇಟಿನಿಂದ ಸತ್ತನೆಂಬುದನ್ನು ನೆನೆದು ಆ ಅಂಗಳದಲ್ಲಿ ನಿಂತವನಿಗೆ, ಕೆಳಗಿನ ಊರಿನ ನೋಟ ಬರಿಯ ಸೌಂದರ್ಯವಾಗಿ ಉಳಿಯಲಾರದು.

ಸುರಪುರದವರೆಗೆ ಹೋದವರು ಸಮೀಪದ ವಾಗಣಗೇರಾಕ್ಕೂ ಹೋಗಬೇಕು. ಆಲಂಗೀರನ, ಎಂದರೆ ಔರಂಗಜೇಬನ, ಕೊನೆಯ ಮುತ್ತಿಗೆ ನಡೆದದ್ದು ಅಲ್ಲಿ, 1705ರಲ್ಲಿ. ಎಂಬತ್ತಾರರ ವೃದ್ಧ ಚಕ್ರವರ್ತಿ ಸ್ವತಃ ಬಂದು ಬೀಡುಬಿಟ್ಟು, ತಿಂಗಳುಗಳ ತರುವಾಯ ಏಪ್ರಿಲ್ ಕೊನೆಯಲ್ಲಿ ಕೋಟೆಯನ್ನು ಹೊಕ್ಕಾಗ, ಬೇಡ ನಾಯಕ ದೊರೆ ರಾತ್ರಿಯೇ ತನ್ನವರೊಡನೆ ಜಾರಿಹೋಗಿದ್ದನು. ಈ ಗುಡ್ಡಗಳ ಸಂದುಗೊಂದುಗಳನ್ನು ಕಾಲಿನಿಂದ ಅರಿತಿದ್ದವನಿಗೆ ಅದು ಸಾಧ್ಯವಾಯಿತೆಂಬುದನ್ನು ನಂಬಲು, ಅಲ್ಲಿಯ ಗುಂಡುಗಳ ನಡುವೆ ಅರ್ಧ ಗಂಟೆ ನಡೆದರೆ ಸಾಕು. ಆಶ್ವಯುಜದಿಂದ ಮಾಘದವರೆಗೆ ಇಲ್ಲಿಯ ಬಿಸಿಲು ಸಹ್ಯ. ಯುಗಾದಿ ಕಳೆದ ಮೇಲೆ ಬೆಳಗಿನ ಒಂಬತ್ತಕ್ಕೇ ಬಂಡೆ ಕಾಯುವುದು. ಜೊತೆಗೆ ನೀರು ಧಾರಾಳವಾಗಿರಲಿ, ಖಡಕ್ ರೊಟ್ಟಿ ಶೇಂಗಾ ಹಿಂಡಿ ಇರಲಿ, ಮತ್ತು ದಾರಿ ಕವಲೊಡೆದಲ್ಲಿ ಕುರಿ ಕಾಯುವವರನ್ನು ಕೇಳಿಯೇ ಮುಂದುವರಿಯಿರಿ.