ಮೊದಲ ಹತ್ತು ಕಿಲೋಮೀಟರ್‌ನ ಮೋಹ

ಮ್ಯಾರಥಾನ್ ಫಲಿತಾಂಶ ಬಂದ ಕೂಡಲೇ ಎಲ್ಲರೂ ನೋಡುವುದು ಒಟ್ಟು ಸಮಯ. ನಾನು ನೋಡುವುದು ಆ ಓಟಗಾರ ಅರ್ಧ ದಾರಿ, ಅಂದರೆ 21.1 ಕಿ.ಮೀ. ಮುಗಿಸಿದ್ದು ಎಷ್ಟು ಹೊತ್ತಿಗೆ ಎಂಬುದನ್ನು. ಎರಡು ಗಂಟೆ ಚಿಲ್ಲರೆಯಲ್ಲಿ ಮುಗಿಸಿದವನಿರಲಿ, ಐದು ಗಂಟೆ ತೆಗೆದುಕೊಂಡವಳಿರಲಿ, ಮೊದಲರ್ಧ ಮತ್ತು ಎರಡನೇ ಅರ್ಧದ ಸಮಯವನ್ನು ಪಕ್ಕಪಕ್ಕ ಇಟ್ಟರೆ ಓಟ ಕೈಯಲ್ಲಿತ್ತೋ ಕೈತಪ್ಪಿತೋ ಗೊತ್ತಾಗುತ್ತದೆ. ಓಟಗಾರರು ಇದನ್ನು ಸ್ಪ್ಲಿಟ್ ಎನ್ನುತ್ತಾರೆ. ನನ್ನ ಮಟ್ಟಿಗೆ ಮ್ಯಾರಥಾನಿನ ಸೊಗಸೆಲ್ಲ ಇರುವುದು ಅದರಲ್ಲೇ.

2023ರ ಅಕ್ಟೋಬರ್ 8ರಂದು ಷಿಕಾಗೊದಲ್ಲಿ ಕೆನ್ಯಾದ ಕೆಲ್ವಿನ್ ಕಿಪ್ಟಮ್ 2 ಗಂಟೆ 35 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಬರೆದ. ಮೊದಲರ್ಧಕ್ಕೆ 60 ನಿಮಿಷ 48 ಸೆಕೆಂಡ್, ಎರಡನೆಯದಕ್ಕೆ 59 ನಿಮಿಷ 47 ಸೆಕೆಂಡ್. 30ರಿಂದ 35ನೇ ಕಿ.ಮೀ.ವರೆಗಿನ ಐದು ಕಿ.ಮೀ.ಯನ್ನು ಆತ 13 ನಿಮಿಷ 51 ಸೆಕೆಂಡಿನಲ್ಲಿ ಮುಗಿಸಿದ್ದ. ಬಹುತೇಕರ ಕಾಲು ಕಲ್ಲಾಗುವ ಜಾಗವದು. ಅಲ್ಲಿ ವೇಗ ಹೆಚ್ಚಿಸುವಷ್ಟು ಕಸುವನ್ನು ಉಳಿಸಿಕೊಂಡೇ ಮೊದಲ ಒಂದು ಗಂಟೆ ಓಡಿದ್ದ ಎಂಬುದು ಆ ದಾಖಲೆಗಿಂತ ದೊಡ್ಡ ಮಾತು. ಹಿಂದಿನ ವರ್ಷ ಬರ್ಲಿನ್‌ನಲ್ಲಿ ಎಲ್ಯೂಡ್ ಕಿಪ್ಚೋಗೆ ಓಡಿದ್ದು ಇದಕ್ಕೆ ತದ್ವಿರುದ್ಧ: ಮೊದಲರ್ಧ 59:51, ಎರಡನೆಯದು 61:18. ಅದೂ ವಿಶ್ವದಾಖಲೆಯೇ, 2:01:09. ಆದರೆ ಕಿಪ್ಚೋಗೆಯಂಥ ಅಳತೆಗಾರನಿಗೂ ಮೊದಲರ್ಧದ ಆಸೆಗೆ ಎರಡನೇ ಅರ್ಧದಲ್ಲಿ ಬೆಲೆ ತೆರಬೇಕಾಯಿತು. 2024ರ ಫೆಬ್ರುವರಿಯಲ್ಲಿ, ಇನ್ನೂ 24ರ ವಯಸ್ಸಿನಲ್ಲಿ, ಕಿಪ್ಟಮ್ ಕಾರು ಅಪಘಾತದಲ್ಲಿ ತೀರಿಹೋದ. ಆ ಎರಡನೇ ಅರ್ಧಗಳನ್ನು ಇನ್ನು ನೋಡಲಾರೆವಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಇದೆ.

ಈ ಲೆಕ್ಕವೆಲ್ಲ ದೊಡ್ಡ ಓಟಗಾರರಿಗೆ ಮಾತ್ರ, ನಮ್ಮಂಥವರು ಮುಗಿಸಿದರೆ ಸಾಕು ಎನ್ನುವವರು ಬಹಳ. ನಾನು ಇದನ್ನು ಖಂಡಿತ ಒಪ್ಪುವುದಿಲ್ಲ. ನಿಧಾನಕ್ಕೆ ಓಡುವವರಿಗೇ ಈ ಲೆಕ್ಕ ಹೆಚ್ಚು ಬೇಕು.

ಕಬ್ಬನ್ ಪಾರ್ಕಿನಲ್ಲಿ ಭಾನುವಾರದ ಲಾಂಗ್ ರನ್ ಮುಗಿಸಿ ನಿಂತವರ ನಡುವೆ ಒಂದು ಮಾತು ಸದಾ ಕಿವಿಗೆ ಬೀಳುತ್ತದೆ: ‘ಬೆಳಗಿನ ತಂಪಲ್ಲೇ ಒಂದಿಷ್ಟು ಟೈಮ್ ಬ್ಯಾಂಕ್ ಮಾಡ್ಕೊಂಡ್ಬಿಡ್ಬೇಕು.’ ನಾಲ್ಕು ಗಂಟೆಯಲ್ಲಿ ಮುಗಿಸಬೇಕೆಂದಿರುವವರಿಗೆ ಪ್ರತಿ ಕಿ.ಮೀ.ಗೆ 5 ನಿಮಿಷ 41 ಸೆಕೆಂಡ್ ಸಾಕು. ಹುಮ್ಮಸ್ಸಿನಲ್ಲಿ ಮೊದಲ ಹತ್ತು ಕಿ.ಮೀ.ಯನ್ನು 5:20ರಲ್ಲಿ ಓಡಿದರು ಎನ್ನಿ. ಉಳಿದದ್ದು ಮೂರೂವರೆ ನಿಮಿಷ. ಕೊನೆಯ ಹತ್ತು ಕಿ.ಮೀ.ಯಲ್ಲಿ ದಮ್ಮು ಕಳೆದುಕೊಂಡು 7:30ಕ್ಕೆ ಇಳಿದರೆ ಹೋಗುವುದು ಹದಿನೆಂಟು ನಿಮಿಷ. ಇಂಥ ಬ್ಯಾಂಕಿನಲ್ಲಿ ಯಾರಾದರೂ ದುಡ್ಡಿಡುತ್ತಾರೆಯೇ?

ಇದರ ಕಾರಣ ಮೈಯೊಳಗೇ ಇದೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಶೇಖರವಾಗಿರುವ ಗ್ಲೈಕೋಜನ್‌ನಿಂದ ಸಿಗುವ ಶಕ್ತಿ ಸುಮಾರು 2,000 ಕ್ಯಾಲೊರಿ. ಅರವತ್ತು ಕೆ.ಜಿ. ತೂಕದವರಿಗೆ 42.195 ಕಿ.ಮೀ. ಓಡಲು ಬೇಕಾಗುವುದು 2,500ರ ಆಸುಪಾಸು. ಕೊರತೆಯನ್ನು ಮೈಯ ಕೊಬ್ಬು ತುಂಬಬೇಕು, ದಾರಿಯಲ್ಲಿ ತಿಂದ ಜೆಲ್, ಬಾಳೆಹಣ್ಣು ತುಂಬಬೇಕು. ವೇಗ ಹೆಚ್ಚಿದಷ್ಟೂ ದೇಹ ಕೊಬ್ಬನ್ನು ಬಿಟ್ಟು ಗ್ಲೈಕೋಜನ್ನಿಗೇ ಕೈಹಾಕುತ್ತದೆ. ಹಾಗಾಗಿ ಮೊದಲ ಹತ್ತರಲ್ಲಿ ಮಾಡಿದ ದುಂದು ಮೂವತ್ತರ ನಂತರ ಕಾಣುತ್ತದೆ. ಓಟಗಾರರು ‘ಗೋಡೆ’ ಎನ್ನುವುದು ಇದಕ್ಕೇ.

ಮುಂಬೈ ಮ್ಯಾರಥಾನಿಗೆ ಬೆಂಗಳೂರಿನಿಂದ ಹೋಗುವವರು ಇನ್ನೂ ಒಂದು ಸಂಗತಿ ಗಮನಿಸಬೇಕು. ಹವ್ಯಾಸಿಗಳ ಓಟ ಐದು ಗಂಟೆಯ ಸುಮಾರಿಗೆ ಶುರು. ಜನವರಿಯ ಮಧ್ಯಭಾಗದಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಏಳೂಕಾಲಿಗೆ. ಮೂರು ಗಂಟೆಯ ಓಟಗಾರ 35ನೇ ಕಿ.ಮೀ. ಮುಟ್ಟುವಾಗ ಏಳೂವರೆ, ಬಿಸಿಲಿನ್ನೂ ಎಳೆಯದು. ಹತ್ತಿರದಲ್ಲೇ ಬರುವ ಪೆಡ್ಡರ್ ರೋಡಿನ ಏರನ್ನು ಆತ ನೆರಳಿನಲ್ಲೇ ಹತ್ತಿಬಿಡುತ್ತಾನೆ. ಐದು ಗಂಟೆಯ ಓಟಗಾರ್ತಿ ಅಲ್ಲಿಗೆ ಬರುವಾಗ ಒಂಬತ್ತು ದಾಟಿರುತ್ತದೆ. ಕಡಲ ಪಕ್ಕದ ಸೆಕೆ, ಬೆವರು ಆರುವುದಿಲ್ಲ, ಅದೇ ವೇಗಕ್ಕೆ ಎದೆಬಡಿತ ಏರುತ್ತಲೇ ಹೋಗುತ್ತದೆ. ಏರು ಅದೇ, ಆದರೆ ಅವಳ ಪಾಲಿಗೆ ಅದು ಬೇರೆಯೇ ಊರಿನ ಏರು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ತಂಪಿನಲ್ಲಿ ಪಳಗಿದ ಕಾಲು ಹೇಳಿದ ವೇಗವನ್ನು ಮುಂಬೈಯಲ್ಲಿ ನಂಬಬಾರದು. ಪ್ರತಿ ಕಿ.ಮೀ.ಗೆ ಹತ್ತು ಹದಿನೈದು ಸೆಕೆಂಡ್ ಬಿಟ್ಟುಕೊಟ್ಟೇ ಹೊರಡುವುದು ಲೇಸು.

ಐದು ಗಂಟೆಯವರಿಗೆ ನಾನು ಮನಸಾರೆ ಹೇಳುವುದು ಓಟ-ನಡಿಗೆಯ ಕ್ರಮವನ್ನು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಹತ್ತು ಸಾವಿರ ಮೀಟರ್ ಓಡಿದ್ದ ಅಮೆರಿಕದ ಜೆಫ್ ಗ್ಯಾಲೊವೇ ಇದನ್ನು ಜನಪ್ರಿಯಗೊಳಿಸಿದವರು. ನಾಲ್ಕು ನಿಮಿಷ 6:35ರ ವೇಗದಲ್ಲಿ ಓಡಿ, ಒಂದು ನಿಮಿಷ 10:30ರ ವೇಗದಲ್ಲಿ ಬಿರುಸಾಗಿ ನಡೆದರೆ ಸರಾಸರಿ ಬೀಳುವುದು 7:07, ಅಂದರೆ ಸರಿಯಾಗಿ ಐದು ಗಂಟೆ. ಷರತ್ತು ಒಂದೇ: ನಡಿಗೆ ಮೊದಲ ಕಿಲೋಮೀಟರಿನಿಂದಲೇ ಶುರುವಾಗಬೇಕು. ಕಾಲು ಇನ್ನೂ ಹಗುರವಾಗಿದ್ದಾಗ, ಸುತ್ತ ನೂರಾರು ಜನ ಮುನ್ನುಗ್ಗುತ್ತಿರುವಾಗ, ನಡೆಯಲು ನಿಜಕ್ಕೂ ಗಟ್ಟಿ ಮನಸ್ಸು ಬೇಕು. ಇದನ್ನು ಕೀಳಾಗಿ ಕಾಣುವವರು ಮೂವತ್ತೆರಡರ ನಂತರ ಬೇಡವೆಂದರೂ ನಡೆಯುತ್ತಾರೆ.

ಮನಸ್ಸಿನ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಅಮೆರಿಕದ 14 ಮ್ಯಾರಥಾನ್‌ಗಳ ಸುಮಾರು 92 ಸಾವಿರ ಫಲಿತಾಂಶಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎರಡನೇ ಅರ್ಧಕ್ಕೆ ಗಂಡಸರು ತೆಗೆದುಕೊಂಡ ಸಮಯ ಸರಾಸರಿ ಶೇ 15.6ರಷ್ಟು ಹೆಚ್ಚಿತ್ತು, ಹೆಂಗಸರದ್ದು ಶೇ 11.7. ಅದೇ ಶ್ರಮಕ್ಕೆ ಹೆಂಗಸರ ದೇಹ ಕೊಬ್ಬನ್ನು ತುಸು ಹೆಚ್ಚು ಬಳಸುತ್ತದೆ ಎಂಬುದು ಒಂದು ಕಾರಣವಿರಬಹುದು. ತನ್ನ ಅಳತೆಯನ್ನು ಮೀರಿ ಹೊರಡುವ ಚಟ ಗಂಡಸರಿಗೆ ಹೆಚ್ಚು ಎಂಬುದು ಇನ್ನೊಂದು. ನಮ್ಮ ಓಟಗಳ ಕೊನೆಯ ಹತ್ತು ಕಿ.ಮೀ.ಯಲ್ಲಿ ಯಾರು ಯಾರನ್ನು ದಾಟುತ್ತಾರೆ ಎಂದು ನೋಡಿದವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ.

ಒಂದು ಸಣ್ಣ ಎಚ್ಚರಿಕೆ. ಕೈಗಡಿಯಾರದ ಜಿಪಿಎಸ್ ತೋರಿಸುವ ವೇಗವನ್ನೇ ನೆಚ್ಚಿಕೊಳ್ಳಬೇಡಿ. ಹಾದಿಯನ್ನು ಅಳೆಯುವುದು ತಿರುವುಗಳ ಅತಿ ಹತ್ತಿರದ ಗೆರೆಯಲ್ಲಿ. ನೀವು ಜನರನ್ನು ಬಳಸಿಕೊಂಡು ಓಡಿರುತ್ತೀರಿ, ನೀರಿಗೆಂದು ಪಕ್ಕಕ್ಕೆ ಸರಿದಿರುತ್ತೀರಿ. ಕೊನೆಗೆ ಗಡಿಯಾರದಲ್ಲಿ 42.6 ಅಂತಿರುತ್ತದೆ, ಗುರಿ ಒಂದೆರಡು ನಿಮಿಷದಲ್ಲಿ ತಪ್ಪಿರುತ್ತದೆ. ರಸ್ತೆಯ ಬದಿಯ ಕಿ.ಮೀ. ಫಲಕವನ್ನು ನೋಡಿ ಲೆಕ್ಕ ಹಾಕಿ.

ಮುಂಬೈ ಓಟ ಜನವರಿಯ ಮೂರನೇ ಭಾನುವಾರ. ಹೆಸರು ಕೊಟ್ಟಿರುವವರಲ್ಲಿ ನನ್ನದೊಂದು ಕೋರಿಕೆ: ಗೆಳೆಯರು ಎಷ್ಟು ಹೊತ್ತಾಯಿತು ಎಂದು ಕೇಳಿದಾಗ ಒಟ್ಟು ಸಮಯ ಹೇಳುವ ಮೊದಲು ಎರಡೂ ಅರ್ಧಗಳ ಸಮಯ ಹೇಳಿ.