ತಿಬೊಡೊ ಡಿಫೆನ್ಸ್: ಬಲವೂ ಬಾಕಿಯೂ

ತೊಂಬತ್ತರ ದಶಕದ ನ್ಯೂಯಾರ್ಕ್ ನಿಕ್ಸ್ ತಂಡಕ್ಕೆ ಡಿಫೆನ್ಸ್ ಎಂದರೆ ಎದುರಾಳಿಯ ಮೈಮೇಲೆ ಬೀಳುವುದು. ಪ್ಯಾಟ್ ರೈಲಿ ಹಾಕಿಕೊಟ್ಟ ದಾರಿ ಅದು. ಅವರ ಸಹಾಯಕ ಜೆಫ್ ವ್ಯಾನ್ ಗಂಡಿ ಮುಂದೆ ತಾವೇ ಕೋಚ್ ಆದಾಗಲೂ ಅದೇ ದಾರಿ ಹಿಡಿದರು. ವ್ಯಾನ್ ಗಂಡಿಗೆ ಸಹಾಯಕರಾಗಿದ್ದ ಟಾಮ್ ತಿಬೊಡೊ ಈ ಮನೆತನದ ಮೂರನೇ ತಲೆಮಾರು. ಆದರೆ ಹಿರಿಯರು ಗಳಿಸಿದ್ದನ್ನೇ ಕೂತು ಉಂಡವರಲ್ಲ.

ಅದಕ್ಕೆ ಅವಕಾಶ ಕೊಟ್ಟದ್ದು 2001ರ ನಿಯಮ ಬದಲಾವಣೆ. ಯಾರನ್ನೂ ಕಾಯದೆ ಖಾಲಿ ಜಾಗವನ್ನು ಕಾಯುವುದು ಅಲ್ಲಿಯವರೆಗೆ ಎನ್‌ಬಿಎಯಲ್ಲಿ ತಪ್ಪು. ಆಮೇಲೆ ಆ ಕಟ್ಟು ಸಡಿಲವಾಯಿತು. ಬ್ಯಾಸ್ಕೆಟ್ ಮುಂದೆ ಸುಮ್ಮನೆ ಮೂರು ಸೆಕೆಂಡು ಮೀರಿ ನಿಲ್ಲಬಾರದು, ಅಷ್ಟೆ. ಈ ಸಡಿಲಿಕೆಯಿಂದ ಎಷ್ಟು ಹಿಂಡಬಹುದೆಂಬುದನ್ನು ತಿಬೊಡೊ ಬಾಸ್ಟನ್ ಸೆಲ್ಟಿಕ್ಸ್‌ನಲ್ಲಿ ತೋರಿಸಿದರು.

ಎದುರಾಳಿ ಗಾರ್ಡ್ ಚೆಂಡು ಪುಟಿಸುತ್ತಾ ಪಕ್ಕದ ಗೆರೆಯತ್ತ ಬರುತ್ತಾನೆ. ಅವನ ಜೊತೆಗಾರ ಸ್ಕ್ರೀನ್ ಹಾಕಲು, ಅಂದರೆ ಕಾವಲಿನವನಿಗೆ ಮೈಯೊಡ್ಡಿ ಅಡ್ಡ ನಿಲ್ಲಲು, ಮೇಲೆ ಬರುತ್ತಾನೆ. ‘ಐಸ್’ ಎಂಬ ಕೂಗು ಬಿದ್ದದ್ದೇ, ಕಾವಲಿನವನು ಮೈ ಅಡ್ಡ ತಿರುಗಿಸಿ ಅಂಕಣದ ನಡುವಿನ ದಾರಿ ಮುಚ್ಚುತ್ತಾನೆ. ಸ್ಕ್ರೀನ್ ದಂಡ. ಉಳಿದದ್ದು ಗೆರೆಯುದ್ದಕ್ಕೆ ಒಳನುಗ್ಗುವ ದಾರಿ; ಅಲ್ಲಿ ಎತ್ತರದ ಸೆಂಟರ್ ಹಿಂದೆ ಸರಿದು ಕಾದಿದ್ದಾನೆ. ಆಚೆ ಬದಿಯವನು ತನ್ನ ಆಟಗಾರನನ್ನು ಬಿಟ್ಟು ಬ್ಯಾಸ್ಕೆಟ್ ಮುಂದಕ್ಕೆ ಜರುಗಿದ್ದಾನೆ. ಇನ್ನು ದೂರದಿಂದ ಎರಡಂಕಕ್ಕೆ ಎಸೆಯಬೇಕು, ಇಲ್ಲವೇ ಅಂಕಣ ದಾಟಿಸಿ ಉದ್ದದ ಪಾಸ್ ಕೊಡಬೇಕು. ಆ ಪಾಸ್ ಗಾಳಿಯಲ್ಲಿರುವಾಗಲೇ ಐವರೂ ಹೊಸ ಜಾಗಗಳಿಗೆ ಓಡಿ ಮುಟ್ಟಬೇಕು.

ಕೆವಿನ್ ಗಾರ್ನೆಟ್ ಇದರ ನಡುಗಂಬವಾಗಿದ್ದ 2008ರಲ್ಲಿ ಬಾಸ್ಟನ್ ಚಾಂಪಿಯನ್ ಆಯಿತು. 2010ರಲ್ಲಿ ಷಿಕಾಗೊ ಬುಲ್ಸ್‌ಗೆ ಕೋಚ್ ಆದ ತಿಬೊಡೊ ಮೊದಲ ವರ್ಷವೇ 62 ಪಂದ್ಯ ಗೆದ್ದು ವರ್ಷದ ಕೋಚ್ ಎನಿಸಿದರು.

ಅವರ ಮೇಲಿನ ಹಳೆಯ ದೂರು, ಮುಖ್ಯ ಆಟಗಾರರನ್ನು ಸವೆಸುತ್ತಾರೆಂಬುದು. 2012ರ ಏಪ್ರಿಲ್ 28ರಂದು ಫಿಲಡೆಲ್ಫಿಯಾ ವಿರುದ್ಧ 12 ಅಂಕ ಮುಂದಿದ್ದು, ಒಂದು ಚಿಲ್ಲರೆ ನಿಮಿಷ ಬಾಕಿಯಿದ್ದಾಗಲೂ ಬುಲ್ಸ್‌ನ ಡೆರಿಕ್ ರೋಸ್ ಅಂಕಣದಲ್ಲೇ ಇದ್ದರು. ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಇದೊಂದನ್ನೇ ಹಿಡಿದು ತಿಬೊಡೊರನ್ನು ಕಟಕಟೆಗೆ ಎಳೆಯುವುದು ನನಗೆ ಸರಿ ಕಾಣದು. ಪ್ಲೇಆಫ್‌ನಲ್ಲಿ ಯಾವ ಕೋಚಾದರೂ ಹಾಗೆ ಮಾಡಿಯಾರು. ಆದರೆ ಲುವಾಲ್ ಡೆಂಗ್ ಸತತ ಎರಡು ವರ್ಷ ಲೀಗಿನಲ್ಲೇ ಸರಾಸರಿ ಅತಿ ಹೆಚ್ಚು ನಿಮಿಷ ಆಡಿದ್ದು, 2013ರಲ್ಲಿ ಜಿಮ್ಮಿ ಬಟ್ಲರ್ ಸತತ ಮೂರು ಪ್ಲೇಆಫ್ ಪಂದ್ಯಗಳ ಪೂರ್ತಿ 48 ನಿಮಿಷವೂ ಅಂಕಣದಲ್ಲಿದ್ದದ್ದು ಆಕಸ್ಮಿಕವಲ್ಲ.

ಹಟಮಾರಿತನ ಎಂದು ತಳ್ಳಿಹಾಕುವವರು ಇದರ ಬೇರು ನೋಡುವುದಿಲ್ಲ. ಒಬ್ಬ ಅರ್ಧ ಹೆಜ್ಜೆ ತಡಮಾಡಿದರೂ ಐವರ ಓಟ ಹಾಳಾಗುವ ವ್ಯವಸ್ಥೆ ಇದು. ಪಳಗಿದವರ ಬದಲು ಪಳಗದವನನ್ನು ಇಳಿಸಲು ಕೈ ಬರುವುದಿಲ್ಲ. ಇಳಿಸದೆ ಅವನು ಪಳಗುವುದೂ ಇಲ್ಲ. ಡಿಫೆನ್ಸ್‌ನ ಬಿಗಿಯೂ ಬೆಂಚಿನ ಬಡತನವೂ ಒಂದೇ ಬೇರಿನವು.

ಇತ್ತ ಆಟವೇ ಬದಲಾಯಿತು. ಮೂರಂಕದ ಎಸೆತಗಳು ಹೆಚ್ಚಿದಂತೆ ದೂರದವನನ್ನು ಬಿಟ್ಟು ಒಳಗೆ ಜರುಗುವುದು ದುಬಾರಿಯಾಯಿತು. ಅವರು ಮುಂದೆ ಕೋಚ್ ಆದ ಮಿನ್ನೆಸೋಟ 2018ರಲ್ಲಿ ಬಹುಕಾಲದ ನಂತರ ಪ್ಲೇಆಫ್ ತಲುಪಿತಾದರೂ ಅದರ ಡಿಫೆನ್ಸ್ ತಿಬೊಡೊರ ಹೆಸರಿಗೆ ತಕ್ಕದ್ದಾಗಿರಲಿಲ್ಲ. ಆಮೇಲೆ ಅವರ ಕೈಗೆ ಬಂದ ನಿಕ್ಸ್, 2024–25ರಲ್ಲಂತೂ, ತಡೆಯುವುದಕ್ಕಿಂತ ಹೊಡೆಯುವುದರಲ್ಲೇ ಮುಂದಿದ್ದ ತಂಡ. ವ್ಯಂಗ್ಯವೆಂದರೆ, 2000ದ ನಂತರ ಮೊದಲ ಬಾರಿಗೆ ಕಾನ್ಫರೆನ್ಸ್ ಫೈನಲ್ ಮುಟ್ಟಿದ್ದು ಅದೇ. ನಿಮಿಷಗಳ ಲೆಕ್ಕ ಮಾತ್ರ ಹಳೆಯದೇ: ಆ ವರ್ಷ ಲೀಗಿನಲ್ಲಿ ಸರಾಸರಿ ಅತಿ ಹೆಚ್ಚು ಹೊತ್ತು ಆಡಿದ್ದು ನಿಕ್ಸ್‌ನ ಜಾಶ್ ಹಾರ್ಟ್.

ಇಂಡಿಯಾನಾ ವಿರುದ್ಧದ ಆ ಸರಣಿಯ ಮೊದಲ ಪಂದ್ಯದಲ್ಲಿ, ಮೂರು ನಿಮಿಷವೂ ಉಳಿದಿರದಾಗ ಇದ್ದ 14 ಅಂಕಗಳ ಮುನ್ನಡೆ ಕರಗಿ ನಿಕ್ಸ್ ಸೋತಿತು. ಎರಡನೆಯದೂ ಕೈತಪ್ಪಿತು. ಮೂರನೆಯದರಲ್ಲಿ ತಿಬೊಡೊ ಹಾರ್ಟ್‌ರನ್ನು ಬೆಂಚಿಗೆ ಸರಿಸಿ, ಲ್ಯಾಂಡ್ರಿ ಶಾಮೆಟ್, ಡೆಲಾನ್ ರೈಟ್‌ರಂಥ ಮರೆತೇಹೋಗಿದ್ದ ಹೆಸರುಗಳನ್ನು ಇಳಿಸಿದರು. 20 ಅಂಕ ಹಿಂದಿದ್ದ ತಂಡ ಗೆದ್ದಿತು. ಸರಣಿ 4–2ರಿಂದ ಇಂಡಿಯಾನಾ ಪಾಲಾಯಿತು, ಜೂನ್ 3ರಂದು ತಿಬೊಡೊ ಕೆಲಸ ಕಳೆದುಕೊಂಡರು. ಆ ಇಬ್ಬರನ್ನು ಪ್ಲೇಆಫ್‌ಗೆ ಮುಂಚಿನ ಪಂದ್ಯಗಳಲ್ಲೇ ಪಳಗಿಸಬಹುದಿತ್ತಲ್ಲ ಎಂಬ ಪ್ರಶ್ನೆಗೆ ಅವರ ಪದ್ಧತಿಯಲ್ಲಿ ಉತ್ತರವಿಲ್ಲ.