ಗೆಜ್ಜೆ ಕೊಳ್ಳುವಾಗ ಕಣ್ಣಿಗಿಂತ ಕಿವಿ ಮುಂದಿರಲಿ

ಭರತನಾಟ್ಯದ ಪ್ರಾಯೋಗಿಕ ಪರೀಕ್ಷೆಯಲ್ಲಿ ಮಗುವಿನ ಬಾಯಿಗಿಂತ ಮೊದಲು ಕಾಲು ಉತ್ತರ ಹೇಳುತ್ತದೆ. ಪರೀಕ್ಷಕರು ತಲೆ ತಗ್ಗಿಸಿ ಏನೋ ಬರೆದುಕೊಳ್ಳುತ್ತಿದ್ದರೂ ಕಿವಿ ಗೆಜ್ಜೆಯ ಮೇಲೇ ಇರುತ್ತದೆ. ಆದರೂ ಪರೀಕ್ಷೆ ಹತ್ತಿರ ಬಂದಾಗ ಉಡುಪಿನ ಬಣ್ಣ, ಜಡೆ, ತಲೆಸಾಮಾನು ಅಂತ ಮನೆಯಲ್ಲಿ ನಡೆಯುವ ಚರ್ಚೆಯ ಕಾಲುಭಾಗವೂ ಗೆಜ್ಜೆಯ ಬಗ್ಗೆ ನಡೆಯುವುದಿಲ್ಲ. ನಾಳೆ ಪರೀಕ್ಷೆ ಅನ್ನುವಾಗ ಯಾರೋ ಒಬ್ಬರು ಪೇಟೆಗೆ ಓಡಿ, ಥಳಥಳ ಹೊಳೆಯುವ ಒಂದು ಜೋಡಿ ತಂದುಬಿಡುತ್ತಾರೆ. ಆ ಓಟ ತಪ್ಪಲಿ ಅಂತಲೇ ಈ ವಾರದ ಬರಹ.

ನಮ್ಮ ಕಡೆಯ ಮಕ್ಕಳಿಗೆ ಮುಖ್ಯವಾಗಿ ಎರಡು ದಾರಿ. ಒಂದು, ಜೂನಿಯರ್, ಸೀನಿಯರ್ ದಾಟಿ ವಿದ್ವತ್ತಿನವರೆಗೆ ಹೋಗುವ ರಾಜ್ಯದ ಪರೀಕ್ಷೆ. ಇನ್ನೊಂದು, ಪ್ರಾರಂಭಿಕದಿಂದ ವಿಶಾರದ, ಅಲಂಕಾರದವರೆಗೆ ಏರುವ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆ. ಯಾವುದಕ್ಕೆ ಕಟ್ಟಿದರೂ ಚಿಕ್ಕವರನ್ನು ಜಗ್ಗಿ ನೋಡುವುದು ಅಡವಿನಲ್ಲಿ. ತಟ್ಟಡವು, ನಾಟ್ಟಡವು, ಕುದಿತ್ತಮೆಟ್ಟು, ಅದೂ ಮೂರು ಕಾಲದಲ್ಲಿ.

ಗೆಜ್ಜೆಯ ಗುಣ ಬಯಲಾಗುವುದು ಇಲ್ಲೇ. ಕುದಿತ್ತಮೆಟ್ಟಿನಲ್ಲಿ ಮಗು ತುದಿಗಾಲಿನ ಮೇಲೆ ಹಾರಿ ನಿಂತು, ಆಮೇಲೆ ಹಿಮ್ಮಡಿ ಬಡಿಯಬೇಕು. ಎರಡಕ್ಕೂ ಬೇರೆ ಬೇರೆ ನುಡಿ ಕೇಳಬೇಕು. ಪಟ್ಟಿ ಕಾಲಿಗೆ ಅಚ್ಚುಕಟ್ಟಾಗಿ ಕೂತಿದ್ದರೆ ‘ಛಣ್’ ಅಂದು ಅಲ್ಲಿಗೇ ಸುಮ್ಮನಾಗುತ್ತದೆ. ಸಡಿಲವಾಗಿದ್ದರೆ ಹಿಮ್ಮಡಿ ನೆಲ ಮುಟ್ಟಿದ ಮೇಲೂ ಪಟ್ಟಿ ಜಾರಿ ‘ಛಿಣಿಛಿಣಿ’ ಅಂತ ಉಳಿದ ಮಾತು ಆಡುತ್ತದೆ. ಒಂದನೇ ಕಾಲದಲ್ಲಿ ಇದು ಯಾರಿಗೂ ಗೊತ್ತಾಗದು. ಮೂರನೇ ಕಾಲಕ್ಕೆ ಬರುವಷ್ಟರಲ್ಲಿ ಹಿಂದಿನ ತಟ್ಟಿನ ಸದ್ದು ಮುಂದಿನ ತಟ್ಟಿನ ಮೇಲೆ ಬಿದ್ದು, ತಾಳದಲ್ಲೇ ಇರುವ ಮಗುವೂ ತಾಳ ತಪ್ಪಿದಂತೆ ಕೇಳಿಸುತ್ತದೆ.

ಹಾಗಾಗಿ ಅಂಗಡಿಯಲ್ಲಿ ಬರುವ ಮೊದಲ ಸಲಹೆಯನ್ನು ಅಲ್ಲೇ ಬಿಟ್ಟು ಬನ್ನಿ: “ಮುಂದಿನ ವರ್ಷಕ್ಕೂ ಬರ್ತೈತಿ ಅಕ್ಕಾರ, ಒಂದ್ ಸೈಜ್ ದೊಡ್ಡದ ಒಯ್ರಿ.” ಸಾಲಿಯ ಯೂನಿಫಾರ್ಮಿಗೆ ಈ ಲೆಕ್ಕ ಸರಿ, ಗೆಜ್ಜೆಗೆ ಅಲ್ಲ. ಅಳತೆ ಇವತ್ತಿನ ಕಾಲಿನದೇ ಇರಬೇಕು. ಅದೂ ಬರಿಗಾಲಿನದಲ್ಲ, ಪೈಜಾಮದ ಮೇಲಿಂದ, ಹರಡಿನ ಎಲುಬಿಗಿಂತ ತುಸು ಮೇಲೆ. ಕಟ್ಟಿದ ಮೇಲೆ ಪಟ್ಟಿಯೊಳಗೆ ಒಂದು ಬೆರಳು ಬಿಗಿಯಾಗಿ ಹೋದರೆ ಸಾಕು. ನಿಂತು ನೋಡಿ ತೃಪ್ತಿಪಡಬೇಡಿ, ಮಗುವನ್ನು ಅಂಗಡಿಯಲ್ಲೇ ಅರೆಮಂಡಿಗೆ ಕೂರಿಸಿ. ಆಗ ಕಾಲು ಮುಂದಕ್ಕೆ ಬಾಗಿ, ಪಟ್ಟಿಯ ಕೆಳಅಂಚು ಪಾದದ ಮೇಲ್ಭಾಗಕ್ಕೆ ಒತ್ತಿದರೆ ಆ ಜೋಡಿ ಅವಳದಲ್ಲ.

ಸಾಲಿನ ವಿಷಯದಲ್ಲೂ ಆಸೆ ಹೆಚ್ಚಬಾರದು. ಐದು ಸಾಲಿನ ಪಟ್ಟಿ ದೊಡ್ಡವರ ಕಾಲಿನ ಉದ್ದಕ್ಕೆ ಒಪ್ಪುವಂಥದ್ದು. ಎಂಟೊಂಬತ್ತು ವರ್ಷದ ಹುಡುಗಿಗೆ ಅದು ಮೀನಖಂಡದವರೆಗೂ ಏರುತ್ತದೆ, ಭಾರಕ್ಕೆ ಅವಳು ಕಾಲೆತ್ತುವುದನ್ನೇ ಕಡಿಮೆ ಮಾಡುತ್ತಾಳೆ. ಮೂರು ಸಾಲು ಧಾರಾಳ. ನಂದಿಕೇಶ್ವರನ ‘ಅಭಿನಯದರ್ಪಣ’ ನೂರು, ಇನ್ನೂರು ಗೆಜ್ಜೆ ಹೇಳುತ್ತದಲ್ಲ ಅಂತ ವಾದಿಸುವವರಿದ್ದಾರೆ. ಅದೇ ಗ್ರಂಥ ಗೆಜ್ಜೆ ಕಂಚಿನದಿರಲಿ, ನುಡಿ ಚೆನ್ನಾಗಿರಲಿ, ನಡುವೆ ಅಂಗುಲದ ಅಂತರವಿರಲಿ, ನೀಲಿ ದಾರದಲ್ಲಿ ಗಂಟು ಗಟ್ಟಿಯಿರಲಿ ಅಂತಲೂ ಹೇಳುತ್ತದೆ. ಅಲ್ಲದೆ ಅದು ಹೇಳುತ್ತಿರುವುದು ಪಳಗಿದ ನರ್ತಕಿಗೆ, ಈಗಷ್ಟೇ ಅಲರಿಪ್ಪು ಕಲಿತವಳಿಗಲ್ಲ.

ನುಡಿ ಆರಿಸುವ ವಿದ್ಯೆ ನಮಗೆ ಹೊಸದೇನಲ್ಲ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ, ತೊರವಿ ಹತ್ತಿರದ ದನದ ಪೇಟೆಯಲ್ಲಿ, ಎತ್ತಿನ ಗೆಜ್ಜೆಸರ ಕೊಳ್ಳುವ ಹಿರಿಯರನ್ನು ನೋಡಿ. ಬೆಲೆ ಕೇಳುವ ಮೊದಲೇ ಸರವನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಾರೆ, ಮುಖ ಸಿಂಡರಿಸಿ ಕೆಳಗಿಡುತ್ತಾರೆ, ಮತ್ತೊಂದು ಎತ್ತುತ್ತಾರೆ. ಟಿಕೋಟಾದ ದ್ರಾಕ್ಷಿ ತೋಟದಲ್ಲೋ ಬಬಲೇಶ್ವರದ ಹೊಲದಲ್ಲೋ ದುಡಿದ ಅಜ್ಜ ಮನೆಯಲ್ಲಿದ್ದರೆ ಮೊಮ್ಮಗಳ ಗೆಜ್ಜೆಗೆ ಅವರನ್ನೇ ಕರೆದೊಯ್ಯಿರಿ. ಅಡವು ಗೊತ್ತಿಲ್ಲದಿದ್ದರೂ ಅವರ ಕಿವಿ ಮೋಸ ಹೋಗದು.

ಅವರು ಹುಡುಕುವುದನ್ನೇ ನೀವೂ ಹುಡುಕಿ. ಎರಕದ ಗೆಜ್ಜೆ ಕೈಗೆ ತೂಕವಾಗಿ, ನುಡಿ ದುಂಡಗಿರುತ್ತದೆ. ತೆಳು ತಗಡು ಒತ್ತಿ ಮಾಡಿದ್ದು ಡಬ್ಬಿಯಲ್ಲಿ ಕಾಳು ಅಲ್ಲಾಡಿಸಿದಂತೆ ಗಲಗಲ ಅನ್ನುತ್ತದೆ. ಸೀಳಿನೊಳಗೆ ಇಣುಕಿ, ಗುಂಡು ಎಲ್ಲದರಲ್ಲೂ ಇದೆಯೇ ನೋಡಿ. ಹತ್ತರಲ್ಲಿ ಒಂದು ಮೂಗಿಯಾದರೆ ನಡೆದೀತು, ಒಂದು ಸಾಲೇ ಮಂಕಾದರೆ ನಡೆಯದು. ಸೀಳಿನ ತುಟಿಯ ಮೇಲೆ ಬೆರಳಾಡಿಸಿ. ಚೂಪಾಗಿದ್ದರೆ ಪೈಜಾಮವೂ ಹರಿದೀತು, ಇನ್ನೊಂದು ಕಾಲೂ ಗೀರೀತು. ಕೊನೆಗೆ ಎಡದ್ದು, ಬಲದ್ದು ಬೇರೆ ಬೇರೆ ಅಲುಗಿಸಿ. ಎರಡರ ನುಡಿ ಕೂಡದ ಜೋಡಿ ಎಷ್ಟೇ ಅಗ್ಗವಾದರೂ ಬೇಡ. ಉತ್ತರ ಪ್ರದೇಶದ ಏಟಾ ಜಿಲ್ಲೆಯ ಜಲೇಸರ ಗೆಜ್ಜೆ, ಗಂಟೆಗೆ ಹೆಸರಾದ ಊರು. ಆದರೆ ಊರಿನ ಹೆಸರು ಕೇಳಿ ಜೋಡಿ ಆರಿಸಬೇಡಿ, ಅಲುಗಿಸಿ ಕೇಳಿ ಆರಿಸಿ.

ಕಥಕ್ ಕಲಿಯುವ ಮಗುವಾದರೆ ಪಟ್ಟಿ ಬೇಡ. ಹತ್ತಿಯ ಹುರಿಗೆ ಪೋಣಿಸಿ ಕಾಲಿಗೆ ಸುತ್ತುವ ಗೆಜ್ಜೆಯೇ ಬೇಕು. ಭರತನಾಟ್ಯಕ್ಕೆ ಚರ್ಮದ ಪಟ್ಟಿ, ಅದಕ್ಕೆ ಬಕಲ್ ಇರುವುದು ಮೇಲು. ವೆಲ್ಕ್ರೋ ಹಾಕುವುದು ಸುಲಭ, ಆದರೆ ಹಳತಾದಂತೆ ಹಿಡಿತ ಬಿಡುತ್ತದೆ, ಅದೂ ಬಿಡುವುದು ಜಿಗಿತದ ನಡುವೆಯೇ.

ಕಾಲಿಗೆ ಕಟ್ಟುವುದರ ಜಗಳ ನಮ್ಮಲ್ಲಷ್ಟೇ ಇಲ್ಲ. ಬ್ಯಾಲೆ ಪರೀಕ್ಷೆಯಲ್ಲಿ ಹಂಗೇರಿ, ರಷ್ಯಾ, ಪೋಲೆಂಡಿನ ಜನಪದ ಕುಣಿತಗಳ ಭಾಗ ಬಂದಾಗ ಮಕ್ಕಳು ಮೆತ್ತನೆಯ ಚಪ್ಪಲಿ ಬಿಟ್ಟು ಹಿಮ್ಮಡಿಯಿರುವ ಬೂಟು ಹಾಕುತ್ತಾರೆ. ಅಲ್ಲೂ ಬೂಟು ದೊಡ್ಡದಾದರೆ ತಟ್ಟು ತಡವಾಗುತ್ತದೆ. 1936ರಲ್ಲಿ ಕಲಾಕ್ಷೇತ್ರ ಕಟ್ಟಿದ ರುಕ್ಮಿಣಿದೇವಿ ಅರುಂಡೇಲ್ ಭರತನಾಟ್ಯಕ್ಕೆ ಬರುವ ಮುನ್ನ ಅನ್ನಾ ಪಾವ್ಲೋವಾ ಅವರ ತಂಡದ ಕಲಾವಿದೆಯಿಂದ ಬ್ಯಾಲೆ ಕಲಿತಿದ್ದರು. ಬೂಟಿನ ಶಿಸ್ತು, ಗೆಜ್ಜೆಯ ಶಿಸ್ತು ಎರಡನ್ನೂ ಕಾಲಾರೆ ಕಂಡವರು ಅವರು.

ಯಾವಾಗ ಕೊಳ್ಳಬೇಕು? ಗುರುಗಳು ಹೇಳಿದಾಗ. ಬಹಳ ಕಡೆ ಗೆಜ್ಜೆಪೂಜೆ ಮಾಡಿಸಿ, ಗುರುಗಳ ಕೈಯಿಂದ ಇಸಿದುಕೊಂಡ ಮೇಲೇ ಕಟ್ಟುವ ಪದ್ಧತಿಯಿದೆ. ಒಪ್ಪಿಗೆ ಸಿಕ್ಕಿತೆಂದರೆ ಪರೀಕ್ಷೆಗೆ ತಿಂಗಳಿಗೂ ಮುಂಚೆಯೇ ಕೊಂಡುಬಿಡಿ. ಹೊಸ ಚರ್ಮ ಬಿರುಸು, ಕಾಲಿಗೆ ಹದವಾಗಲು ಸಮಯ ಬೇಕು. ಮನೆಯ ಶಹಾಬಾದ್ ಫರಸಿಯ ಮೇಲೆ ವಾರಕ್ಕೊಮ್ಮೆಯಾದರೂ ಗೆಜ್ಜೆ ಕಟ್ಟಿ ಪರೀಕ್ಷೆಯ ಕ್ರಮದಲ್ಲೇ ಎಲ್ಲವನ್ನೂ ಮಾಡಿಸಿ. ಪಟ್ಟಿಯ ತೂತು ಹೆಚ್ಚುಕಡಿಮೆಯಾದರೆ ಚಪ್ಪಲಿ ಹೊಲಿಯುವವರು ಒಂದು ಹೊಡೆತಕ್ಕೆ ಸರಿ ಮಾಡಿಕೊಡುತ್ತಾರೆ. ಹುಣಸೆಹುಳಿಯಲ್ಲಿ ತಿಕ್ಕುವ ಹುಮ್ಮಸ್ಸು ಬೇಡ, ಚರ್ಮ ಹಾಳಾಗುತ್ತದೆ; ಒಣಬಟ್ಟೆಯಲ್ಲಿ ಬೆವರು ಒರೆಸಿ ಬಟ್ಟೆಯ ಚೀಲದಲ್ಲಿಡಿ. ಪರೀಕ್ಷೆಯ ದಿನ ದಬ್ಬಣ, ಗಟ್ಟಿ ದಾರ ಜೊತೆಗಿರಲಿ.

ಇಷ್ಟೆಲ್ಲ ಹೇಳಿಯೂ ನನ್ನ ಮೊದಲ ಆಯ್ಕೆ ಅಂಗಡಿಯ ಜೋಡಿಯಲ್ಲ. ಅದೇ ಗುರುಗಳ ಹತ್ತಿರ ಕಲಿತು ಕಾಲು ಬೆಳೆದ ಹಿರಿಯ ಹುಡುಗಿಯ ಹಳೆಯ ಜೋಡಿ ಸಿಕ್ಕರೆ, ಅಳತೆ ಕೂಡಿದರೆ, ಕಣ್ಣು ಮುಚ್ಚಿ ಇಸಿದುಕೊಳ್ಳಿ. ಚರ್ಮ ಪಳಗಿರುತ್ತದೆ, ಉದುರುವ ಗೆಜ್ಜೆ ಉದುರಿ ಮತ್ತೆ ಹೊಲಿದಾಗಿರುತ್ತದೆ. ಹಳತು ಅಂತ ಸಂಕೋಚ ಬೇಡ. ಪರೀಕ್ಷಕರು ಅಂಕ ಹಾಕುವುದು ತಾಳಕ್ಕೆ, ಹಿತ್ತಾಳೆಯ ಹೊಳಪಿಗಲ್ಲ.